ಗುಟ್ಟಿಯಲ್ಲಿ ತೇಯ್ದ ಅಫೀಮು

ನಮ್ಮ ಮನೆಯ ಕೂಸುಗಳಿಗೆಲ್ಲ ಅಜ್ಜಿಯೇ ಮದ್ದು ತೇಯ್ದು ಗುಟ್ಟಿ ಹಾಕುತ್ತಿದ್ದಳು. ಸಾಣೆಕಲ್ಲಿನ ಮೇಲೆ ಬಾಣಂತಿಯ ಹಾಲು ಬಿಟ್ಟು ಬಜೆ, ಅಳಲೆಕಾಯಿ, ಜಾಯಿಕಾಯಿ ತೇಯುವುದು. ಕೂಸು ಹಟ ಹಿಡಿದರೆ ಸಾಸಿವೆಕಾಳಿನಷ್ಟು ಅಫೀಮು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕು ಎಲ್ಲರೂ ಗುಲಬರ್ಗಾ ಬಿಟ್ಟು ತೆಲುಗು ಸೀಮೆಯ ಮಲ್ಕಾಜ್‌ಗಿರಿಗೆ ಬಂದಾಗ ಈ ರೂಢಿಯೂ ಜೊತೆಗೆ ಬಂತು.

ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಅವ್ವನಿಗೆ ತಡೆಯಲಾಗದ ಸೊಂಟನೋವು. ಅಜ್ಜಿ ದಿನಾ ಅದೇ ಅಫೀಮನ್ನು ಬೆಲ್ಲದಲ್ಲಿ ಸುತ್ತಿ ಕೊಟ್ಟಳು. ಹುಟ್ಟಿದ ತಮ್ಮ ಕೈಕಾಲು ನಡುಗಿಸುತ್ತ ಕಿರುಚುತ್ತಿದ್ದ, ಗುಟ್ಟಿ ಬಿದ್ದರೆ ಮಾತ್ರ ಮಲಗುತ್ತಿದ್ದ. "ನೋಡು, ಎಷ್ಟ್ ಗುಣ ಐತಿ ಇದರಾಗ!" ಎಂದು ಅಜ್ಜಿ ಹಿಗ್ಗುತ್ತಿದ್ದಳು.

ಶಾಲೆಗೆ ಹೋದ ಮೇಲೆ ತಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಕಲಿತದ್ದು ಸಂಜೆಗೆ ಮಾಯ. ಅಪ್ಪ ಕನ್ನಡದಲ್ಲಿ, ಮೇಷ್ಟರು ತೆಲುಗಿನಲ್ಲಿ, ಓಣಿಯ ಹುಡುಗರು ಹಿಂದಿಯಲ್ಲಿ ಅವನನ್ನು ದಡ್ಡ ಎಂದರು. ಬೇರೇನೂ ಬಾರದಿದ್ದರೂ ಆ ಪದ ಅವನಿಗೆ ಮೂರು ಭಾಷೆಯಲ್ಲೂ ಬಾಯಿಪಾಠವಾಯಿತು. ನನಗೆ ಈಗಲೂ ಅವರೆಲ್ಲರ ಮೇಲೆ ಸಿಟ್ಟಿದೆ.

ಅವ್ವ ಒಮ್ಮೆ ಮಕ್ಕಳ ಡಾಕ್ಟರನ್ನು ಕೇಳಿದಳು. ಅಫೀಮಿನಿಂದ ಹೀಗಾಗಿರಬಹುದು, ಆದರೆ ಇಷ್ಟು ವರ್ಷದ ಮೇಲೆ ಖಚಿತವಾಗಿ ಹೇಳಲಾಗದು, ಹೊಡೆಯದೆ ನಿಧಾನವಾಗಿ ಕಲಿಸಿ ಎಂದರು. ಅವ್ವನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. ಮನೆಗೆ ಬಂದು ನನ್ನೊಬ್ಬಳ ಹತ್ತಿರ ಹೇಳಿದಳು: "ಅವಗ ಗೊತ್ತಾದ್ರ ಮತ್ತ ನನ್ನ ಮಾರಿ ನೋಡಂಗಿಲ್ಲ."

ಎಷ್ಟೋ ವರ್ಷ ಆ ಭಯದಲ್ಲೇ ಬದುಕಿದಳು. ತಮ್ಮ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ. ಒಂದು ಮಧ್ಯಾಹ್ನ ನನ್ನ ಮಗಳು ಅಳು ನಿಲ್ಲಿಸಲೇ ಇಲ್ಲ. ಅಜ್ಜಿ ಸಾಣೆಕಲ್ಲು ತೆಗೆದು ಅಫೀಮಿನ ಡಬ್ಬಿ ಬಿಚ್ಚಿದಳು. ಅತ್ತೆಗೆ ಎಂದೂ ಎದುರಾಡದ ಅವ್ವ ಕಲ್ಲಿನ ಮೇಲೆ ಕೈಯಿಟ್ಟಳು.

"ಬ್ಯಾಡ್ರಿ ಅತ್ತಿ. ಒಂದ್ ಕೂಸಿನ ಬಾಳೇವು ಹಾಳ ಮಾಡೇವಿ, ಸಾಕು."

ಬಾಗಿಲಲ್ಲಿ ಕೂತು ಚೂಡಾ ತಿನ್ನುತ್ತಿದ್ದ ತಮ್ಮ ತಲೆಯೆತ್ತಿದ. "ಯಾವ ಕೂಸದು?"

ಅಜ್ಜಿ ಡಬ್ಬಿ ಮುಚ್ಚಿದಳು. ಅವ್ವ ನೆಲ ನೋಡುತ್ತ ಎಲ್ಲ ಹೇಳಿದಳು: ಬೆಲ್ಲ, ಗುಟ್ಟಿ, ಡಾಕ್ಟರ ಮಾತು. ಅವನು ಅವ್ವನಿಗೆ ಒಂದು ಮಾತು ಅಂದರೂ ಜಾಡಿಸಿಬಿಡಲು ನಾನು ತಯಾರಾಗಿ ಕೂತಿದ್ದೆ. ತಮ್ಮ ಚೂಡಾ ಬದಿಗಿಟ್ಟು ಅವ್ವನ ಹತ್ತಿರ ಬಂದು ಕೂತ.

"ಅಂದ್ರ ನಾ ಹುಟ್ಟಾ ದಡ್ಡ ಅಲ್ಲೇನವ್ವಾ?"

ಅವನ ಮುಖ ಅರಳಿತ್ತು. ಅವ್ವ ಅದನ್ನು ನೋಡಲಾಗದೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.