ಗುಜರಿಗೆ ಹಾಕುವ ಮೊದಲು ಜಹೀದಾರನ್ನು ಕೇಳಿ

ಬೆಳಗಿನ ಐದೂ ಮುಕ್ಕಾಲು. ಬಳ್ಳಾರಿಯ ಕೌಲ್‌ಬಜಾರಿನ ಓಣಿಯೊಂದರಲ್ಲಿ ನೀರಿನ ಕೊಡಗಳ ಸದ್ದಿಗಿಂತ ಮೊದಲು ಬ್ಲೋವರ್ ಸದ್ದು ಏಳುತ್ತದೆ. ಮನೆ ಮುಂದಿನ ಕಟ್ಟೆಯ ಮೇಲೆ ಮೂರು ಸಿಪಿಯು ಡಬ್ಬಿಗಳು ಮುಚ್ಚಳ ಬಿಚ್ಚಿಕೊಂಡು ಕೂತಿವೆ. ಜಹೀದಾ ಮೂಗಿಗೆ ದುಪಟ್ಟಾ ಬಿಗಿದುಕೊಂಡು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿದು, ಒಳಗಿನ ಧೂಳು ಹಾರಿಸುತ್ತಿದ್ದಾರೆ. ಪಕ್ಕದ ಮನೆಯವರು ಬಟ್ಟೆ ಒಣಹಾಕುವುದರೊಳಗೆ ಇದು ಮುಗಿಯಬೇಕು. ತಡವಾದರೆ ಬೈಸಿಕೊಳ್ಳಬೇಕಾಗುತ್ತದೆ.

“ಧೂಳು ನೋಡಿದ್ರ ಯಾವ ಊರಿಂದು ಅಂತ ಹೇಳ್ತೀನ್ರಿ. ಕೆಂಪಗಿದ್ರ ಬಳ್ಳಾರಿದು. ಸಿರುಗುಪ್ಪದ್ರಾಗ ಅಕ್ಕಿ ಗಿರಣಿ ತೌಡು ಇರ್ತೈತಿ. ಕುರುಗೋಡಿಂದು ಬಿಚ್ಚಿದ್ರ ಸೀನು ಬರ್ತಾವ, ಮೆಣಸಿನಕಾಯಿ ಘಾಟು.”

ಹೇಳಿ ನಗುತ್ತಾರೆಂದುಕೊಂಡೆ. ನಗುವುದಿಲ್ಲ. “ಈ ಮೂರೂ ಸತ್ತಾವ ಅಂತ ಅಂಗಡಿಯವ್ರು ಹೇಳಿ ಕಳ್ಸ್ಯಾರ. ಏನಾಗಿತ್ತು? ಧೂಳು ತುಂಬಿ, ಬಿಸಿಯಾಗಿ ಬಂದ್ ಆಗ್ತಿದ್ವು. ಇಷ್ಟ. ಬಿಚ್ಚಿ ಸೈತ ನೋಡಿಲ್ಲ ಅವ್ರು. ತಿರುಪು ಸಡ್ಲ ಆಗಿಲ್ಲ, ನೋಡ್ರಿಲ್ಲಿ.”

ನಲವತ್ನಾಲ್ಕು ವರ್ಷದ ಜಹೀದಾ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರುಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವವರು. ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಮಂಗಳವಾರ ಮೊದಲ ಬಸ್ಸಿಗೆ ಸಿರುಗುಪ್ಪ, ಶನಿವಾರ ಕುರುಗೋಡು, ಉಳಿದ ದಿನ ಬಳ್ಳಾರಿ. ತಿಂಗಳಿಗೆ ಮೂವತ್ತೈದರಿಂದ ನಲವತ್ತು ಡಬ್ಬಿಗಳು ಕೈಗೆ ಬರುತ್ತವೆ. ಒಂದಕ್ಕೆ ಮುನ್ನೂರು ರೂಪಾಯಿ ಕೂಲಿ. ಭಾಗಗಳನ್ನು ತಂದ ಬೆಲೆಗೇ ಕೊಡುತ್ತಾರೆ, ಬಿಲ್ಲೂ ತೋರಿಸುತ್ತಾರೆ. ಹೀಗೆ ಮಾಡಿದರೆ ಉಳಿಯುವುದೇನು ಎಂದು ಕೇಳಿದರೆ, “ನಿದ್ದಿ ಉಳೀತೈತಿ” ಅನ್ನುತ್ತಾರೆ.

ಅವರು ಓದಿದ್ದು ಹತ್ತನೇ ತರಗತಿ. ಹದಿಮೂರು ವರ್ಷ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಜೇಬು ಕೂಡಿಸುತ್ತಿದ್ದರು. ಅಲ್ಲಿ ಕಸೂತಿ ಮಷಿನ್ನಿಗೆ ಡಿಸೈನ್ ಕೊಡಲು ಒಂದು ಕಂಪ್ಯೂಟರ್ ಇತ್ತು. ಅದು ಕೆಟ್ಟಾಗ ರಿಪೇರಿಯವರು ಬರಲು ಮೂರು ದಿನವಾಗುತ್ತಿತ್ತು, ಆ ಮೂರು ದಿನ ಹತ್ತಿಪ್ಪತ್ತು ಹೆಂಗಸರಿಗೆ ಕೆಲಸವಿಲ್ಲ, ಕೂಲಿಯೂ ಇಲ್ಲ. ಒಮ್ಮೆ ರಿಪೇರಿಯವನು ಬಂದು ಮಾಡಿದ್ದನ್ನು ಜಹೀದಾ ಹಿಂದೆ ನಿಂತು ನೋಡಿದರು. ಒಂದು ಪಟ್ಟಿ ಕಿತ್ತ, ರಬ್ಬರಿನಿಂದ ಅದರ ಹಲ್ಲು ಉಜ್ಜಿದ, ಮತ್ತೆ ಸಿಕ್ಕಿಸಿದ. ಎಂಟುನೂರು ರೂಪಾಯಿ ಇಸಿದುಕೊಂಡು ಹೋದ. “ಅದಕ್ಕ ರ‍್ಯಾಮ್ ಅಂತಾರಂತ ಆಮ್ಯಾಲ ಗೊತ್ತಾತು. ಮುಂದಿನ ಸಲ ಕೆಟ್ಟಾಗ ನಾನ ಉಜ್ಜಿದೆ. ಚಾಲೂ ಆತು. ಯೂನಿಟ್ ಯಜಮಾನ್ರು ಯಾಕ ಮುಟ್ಟಿದೆ ಅಂತ ಬೈದ್ರು. ಅದರ ಮುಂದಿನ ಸಲ ಅವ್ರ ಕರದ್ರು.”

ಲಾಕ್‌ಡೌನಿನಲ್ಲಿ ಯೂನಿಟ್ ಮುಚ್ಚಿತು. ಜಹೀದಾ ಹಳೆ ಕಂಪ್ಯೂಟರುಗಳನ್ನು ಮನೆಗೆ ತಂದು ಬಿಚ್ಚತೊಡಗಿದರು. ಗಂಡ ಮಾಬುಸಾಬ್ ಜೀನ್ಸ್ ವಾಷಿಂಗ್ ಘಟಕದಲ್ಲಿ ಕೆಲಸಗಾರ. “ಮನ್ಯಾಗ ಸಾರಿಗೆ ಉಪ್ಪು ಹೆಚ್ಚಾದ್ರ ಸುಮ್ನಿರ್ತಾಳ್ರಿ,” ಅನ್ನುತ್ತಾರೆ ಅವರು, “ಯಾರರ ಕಂಪ್ಯೂಟರ್ ಎಸೀರಿ ಅಂದ್ರ ಮಾತ್ರ ತಡಕೊಳ್ಳಾಂಗಿಲ್ಲ.”

ಜಹೀದಾರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದರಾಗ ನೀವು ಏನ್ ಕೆಲಸ ಮಾಡ್ತೀರಿ? ಟೈಪಿಂಗ್, ಪ್ರಿಂಟು, ಮಕ್ಕಳ ಪಾಠದ ವಿಡಿಯೊ ಅಂದರೆ, ಮೊದಲು ತಿರುಗುವ ಹಳೆ ಹಾರ್ಡ್‌ಡಿಸ್ಕಿನ ಜಾಗಕ್ಕೆ ವೇಗದ ಎಸ್‌ಎಸ್‌ಡಿ. ಆಮೇಲೆ ರ‍್ಯಾಮ್, ಅದೂ ಮದರ್‌ಬೋರ್ಡಿಗೆ ಹೊಂದುವ ಜಾತಿಯದೇ. ಡಿಡಿಆರ್-3 ಬೋರ್ಡಿಗೆ ಡಿಡಿಆರ್-4 ಪಟ್ಟಿ ಕೂರುವುದೇ ಇಲ್ಲ. ಹಾಗೆ ಕೊಂಡು ತಂದು ಕೆಟ್ಟವರನ್ನು ಅವರು ವಾರಕ್ಕೊಬ್ಬರನ್ನಾದರೂ ನೋಡುತ್ತಾರೆ. ಪವರ್ ಸಪ್ಲೈ ಹತ್ತು ವರ್ಷದ್ದಾಗಿದ್ದರೆ ಬದಲಿಸುತ್ತಾರೆ, ಪ್ರೊಸೆಸರಿನ ಬಿಸಿ ತಗ್ಗಿಸುವ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಬೇಕೆ ಎಂದು ಕೇಳಿದವರಿಗೆ, “ಅರ್ಜಿ ಟೈಪ್ ಮಾಡಾಕ ಅದ್ಯಾತಕ?” ಎಂದು ತಿರುಗಿ ಕೇಳುತ್ತಾರೆ. ಎಲ್ಲ ಸೇರಿ ನಾಲ್ಕೈದು ಸಾವಿರದೊಳಗೆ ಮುಗಿಯುವ ಕೆಲಸಕ್ಕೆ ಅಂಗಡಿಯವರು ಜನರಿಂದ ಮೂವತ್ತು ಸಾವಿರ ಸುಲಿಯುತ್ತಾರೆ. ಜಹೀದಾರ ಸಿಟ್ಟಿಗೆ ಇದು ಮೂಲ. ಆದರೆ ಹೋದ ವರ್ಷ ನಡೆದದ್ದು ಇದಕ್ಕೂ ಮೀರಿದ್ದು.

ಆಗಸ್ಟಿನಲ್ಲಿ ಕುರುಗೋಡಿನ ಒಂದು ಪ್ರೌಢಶಾಲೆಯ ಶಿಕ್ಷಕಿ ಅನಿತಾ ಜಹೀದಾರನ್ನು ಕರೆಸಿದರು. ಶಾಲೆಯ ಹನ್ನೊಂದು ಕಂಪ್ಯೂಟರುಗಳನ್ನು ಬಳ್ಳಾರಿಯ ಒಂದು ದೊಡ್ಡ ಅಂಗಡಿಯವರು ನೋಡಿ, ‘ದುರಸ್ತಿಗೆ ಯೋಗ್ಯವಲ್ಲ’ ಎಂದು ಮೊಹರು ಹಾಕಿದ ಪತ್ರ ಕೊಟ್ಟಿದ್ದರು. ಅಕ್ಟೋಬರಿನಿಂದ ಹಳೆ ವಿಂಡೋಸ್ ನಿಂತೇಹೋಗುತ್ತದೆ ಎಂದು ಹೆದರಿಸಿದ್ದರು. ಹಳೆಯವನ್ನು ಗುಜರಿ ದರಕ್ಕೆ ತಾವೇ ಒಯ್ದು, ಹೊಸವನ್ನು ಮಾರುವುದಾಗಿಯೂ ಹೇಳಿದ್ದರು. ಅನಿತಾಗೆ ಅನುಮಾನ. ಜಹೀದಾ ಒಂದಿಡೀ ಶನಿವಾರ ಕೂತು ಹನ್ನೊಂದನ್ನೂ ಬಿಚ್ಚಿದರು. ಹತ್ತು ಗಟ್ಟಿಯಾಗಿದ್ದವು. ಹನ್ನೊಂದನೆಯದರ ಪವರ್ ಸಪ್ಲೈ ಮಾತ್ರ ಸುಟ್ಟಿತ್ತು. ಪ್ರತಿ ಬೋರ್ಡಿನ ನಂಬರನ್ನು ಒಂದು ಹಾಳೆಯಲ್ಲಿ ಬರೆದು ಅನಿತಾಗೂ ಒಂದು ಪ್ರತಿ ಕೊಟ್ಟರು. ಇದು ಅವರ ರೂಢಿ. ಹಿಂದೊಮ್ಮೆ ಗಿರಾಕಿಯೊಬ್ಬ, ಒಳಗಿನ ಸಾಮಾನು ನೀನೇ ಬದಲಿಸಿದ್ದೀ ಎಂದು ನಾಲ್ಕು ಜನರ ಮುಂದೆ ಕಳ್ಳಿ ಅಂದಿದ್ದ. ಅಂದಿನಿಂದ ನಂಬರ್ ಬರೆಯದೆ ತಿರುಪು ಮುಟ್ಟುವುದಿಲ್ಲ.

ಮುಂದಿನ ಶನಿವಾರ ಎಸ್‌ಎಸ್‌ಡಿ ಹಿಡಿದುಕೊಂಡು ಹೋದರೆ ಕೋಣೆಯಲ್ಲಿ ಆರೇ ಡಬ್ಬಿಗಳಿದ್ದವು. ಐದನ್ನು ಅಂಗಡಿಯವರು ಗಾಡಿಗೆ ಹೇರಿಕೊಂಡು ಹೋಗಿದ್ದರು. ಸಹಿ ಹಾಕಿದವರು ಶಾಲಾ ಸಮಿತಿಯ ಸದಸ್ಯ ಗಾದೆಪ್ಪ. ಅವರನ್ನೂ ಮಾತಾಡಿಸಿದೆ. “ದೊಡ್ಡ ಅಂಗಡಿಯವ್ರು ಸೀಲ್ ಹಾಕಿ ಕೊಟ್ಟಾರ. ಈಕಿ ಮಾತು ಕೇಳಿ, ನಾಳೆ ಏನರ ಸುಟ್ಟಗಿಟ್ರ ಜವಾಬ್ದಾರಿ ಯಾರು? ಈಕಿ ಕಡೆ ಸರ್ಟಿಫಿಕೇಟ್ ಐತೇನು?” ಅನ್ನುತ್ತಾರೆ. ಪತ್ರ ಓದಿದ್ರಾ ಎಂದು ಕೇಳಿದೆ. “ಇಂಗ್ಲಿಷ್ನಾಗಿತ್ತು,” ಅಂದರು.

ಅವತ್ತು ಜಹೀದಾ ಗಾದೆಪ್ಪನವರೊಂದಿಗೆ ಜಗಳವಾಡಲಿಲ್ಲ. ಉಳಿದ ಆರಕ್ಕೆ ಎಸ್‌ಎಸ್‌ಡಿ, ರ‍್ಯಾಮ್ ಹಾಕಿದರು. ಅವು ಹೊಸ ವಿಂಡೋಸಿಗೆ ಒಗ್ಗದ ವಯಸ್ಸಿನವು, ಹಾಗಾಗಿ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಮಕ್ಕಳಿಗೆ ಒಪ್ಪಿಸಿದರು. ಬಸ್ಸಿನಲ್ಲಿ ಬರುವಾಗ ಅಳು ಬಂತಂತೆ. “ದುಃಖಕ್ಕಲ್ರಿ. ಸಿಟ್ಟಿಗೆ.”

ಡಿಸೆಂಬರಿನ ಒಂದು ಮಂಗಳವಾರ ಸಿರುಗುಪ್ಪದಲ್ಲಿ ವೀರಭದ್ರಮ್ಮ ಎಂಬ ಹೊಸ ಗಿರಾಕಿ ಸಿಕ್ಕರು. ತಾಲ್ಲೂಕು ಕಚೇರಿಯ ಹತ್ತಿರ ಪುಟ್ಟ ಮಳಿಗೆಯಲ್ಲಿ ಹನ್ನೆರಡು ವರ್ಷದಿಂದ ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ ಟೈಪ್ ಮಾಡಿಕೊಡುವವರು. ವಯಸ್ಸು ಐವತ್ತೆಂಟು. ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಅವರ ಬೆರಳು ಓಡುವುದನ್ನು ನಿಂತು ನೋಡಬೇಕು. ಅಕ್ಟೋಬರಿನಲ್ಲಿ ಅದೇ ವಿಂಡೋಸ್ ಹೆದರಿಕೆಗೆ ಅವರೂ ಬಳ್ಳಾರಿಗೆ ಹೋಗಿ, ಹಳೆಯದನ್ನು ಕೊಟ್ಟು, ಎರಡು ವರ್ಷ ಕೂಡಿಟ್ಟಿದ್ದ ಮೂವತ್ತೆರಡು ಸಾವಿರ ಸುರಿದು ‘ಹೊಸ’ ಕಂಪ್ಯೂಟರ್ ತಂದಿದ್ದರು. ಕೆಂಪು ನೀಲಿ ದೀಪ ಮಿನುಗುವ ಡಬ್ಬಿ. ಹಳೆಯದಕ್ಕಿಂತ ನಿಧಾನ. ಹಳೆಯದರಲ್ಲಿದ್ದ ಹನ್ನೆರಡು ವರ್ಷದ ಕಡತಗಳನ್ನು ಇದಕ್ಕೆ ಹಾಕಿಕೊಡುತ್ತೇವೆ ಎಂದಿದ್ದ ಅಂಗಡಿಯವರು ಒಂದನ್ನೂ ಹಾಕಿರಲಿಲ್ಲ.

“ದಿನಾ ಯಾರರ ಬರ್ತಾರ. ಹೋದ್ವರ್ಷದ ಪತ್ರ ಒಂದ್ ಪ್ರತಿ ಕೊಡಮ್ಮ ಅಂತಾರ. ಎಲ್ಲಿಂದ ಕೊಡ್ಲಿ?” ಅನ್ನುತ್ತಾರೆ ವೀರಭದ್ರಮ್ಮ. “ನಾನ ಕಳದೆ ಅನ್ಕೊಂಡ್ರು. ಬಾಯಿ ಇಲ್ದಂಗಾತು ನಂಗ.”

ಜಹೀದಾ ಮಿನುಗುವ ಡಬ್ಬಿಯ ಮುಚ್ಚಳ ತೆಗೆದರು. ಹೊಸ ಡಬ್ಬಿಯೊಳಗೆ ಹತ್ತು ವರ್ಷ ಹಳೆಯ ಬೋರ್ಡ್. ರೂಢಿಯಂತೆ ನಂಬರ್ ಬರೆದುಕೊಂಡರು. ಬರೆಯುವಾಗ ಕೊನೆಯ ನಾಲ್ಕು ಅಂಕಿ ಎಲ್ಲೋ ನೋಡಿದಂತೆ ಅನ್ನಿಸಿತು. ಚೀಲದಿಂದ ಕುರುಗೋಡಿನ ಹಾಳೆ ತೆಗೆದರು. ಪಟ್ಟಿಯಲ್ಲಿ ಏಳನೆಯದು. ವೀರಭದ್ರಮ್ಮನ ಬಿಲ್ಲಿನಲ್ಲಿದ್ದದ್ದೂ ಅದೇ ದೊಡ್ಡ ಅಂಗಡಿಯ ಹೆಸರು.

“ಆ ಸಾಲಿ ಮಕ್ಳ ಕೈಯಿಂದ ಕಸ್ಕೊಂಡು ಈ ಅಮ್ಮಗ ಹೊಸಾದಂತ ಮಾರ್ಯಾರ. ದುರಸ್ತಿಗೆ ಯೋಗ್ಯ ಇಲ್ಲ ಅಂದೋರು ಅವ್ರ. ಮಾರಿದೋರೂ ಅವ್ರ.” ಇದನ್ನು ಹೇಳುವಾಗ ಜಹೀದಾ ದನಿ ಏರಿಸುವುದಿಲ್ಲ.

ಅವತ್ತೇ ಇಬ್ಬರೂ ಆ ಡಬ್ಬಿ ಹೊತ್ತು ಬಳ್ಳಾರಿ ಬಸ್ಸು ಹತ್ತಿದರು. ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು. ಮಾಲೀಕ ಡಬ್ಬಿಯನ್ನು ನೋಡಲೂ ಇಲ್ಲ. “ಅದು ಹೊಸಾದೇ ಅಮ್ಮಾ. ಹೆಂಗಸರಿಗೆ ಇದೆಲ್ಲ ತಿಳಿಯಲ್ಲ, ಮನ್ಯಾಗ ಗಂಡಸ್ರಿದ್ರ ಕಳಿಸ್ರಿ,” ಅಂದ.

ಜಹೀದಾ ಕೌಂಟರಿನ ಮೇಲೆಯೇ ಮುಚ್ಚಳ ಬಿಚ್ಚಿದರು. ಅನಿತಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. “ಟೀಚರ್, ಹಾಳಿ ತಗೀರಿ. ಏಳನೇದು ಓದ್ರಿ, ನಿಧಾನಕ್ಕ.” ಅನಿತಾ ಒಂದೊಂದೇ ಅಂಕಿ ಓದಿದರು. ಜಹೀದಾ ಬೋರ್ಡಿನ ಮೇಲೆ ಒಂದೊಂದೇ ಅಂಕಿಗೆ ಬೆರಳಿಟ್ಟು ತೋರಿಸಿದರು. ಕೊಳ್ಳಲು ಬಂದವರೆಲ್ಲ ಬಗ್ಗಿ ನೋಡತೊಡಗಿದರು.

ಆಗ ಮಾಲೀಕ ತೆಲುಗಿಗೆ ಹೊರಳಿ ದನಿ ತಗ್ಗಿಸಿದ. “ಎಂದುಕಮ್ಮಾ ಗೊಡವ? ಲೋಪಲಿಕಿ ರಾ, ಮಾಟ್ಲಾಡುಕುಂದಾಂ.”

“ಒಳಗ್ಯಾಕ ಬರ್ಲಿ?” ಅಂದರು ಜಹೀದಾ, ಕನ್ನಡದಲ್ಲೇ, ಎಲ್ಲರಿಗೂ ಕೇಳುವಂತೆ. “ಗದ್ದಲ ಬ್ಯಾಡಂದ್ರ ಇಲ್ಲೇ ಮಾತಾಡೋಣ. ಈ ಅಮ್ಮನ ರೊಕ್ಕ ಕೊಡ್ರಿ. ಈ ಅಮ್ಮನ ಹಳೇ ಡಬ್ಬಿ ಕೊಡ್ರಿ. ಇದು ಸಾಲಿದು, ಇದನ್ನ ನಾ ಒಯ್ತೀನಿ.”

ರೊಕ್ಕ ಬಂತು. ಹಳೇ ಡಬ್ಬಿ ಎಲ್ಲಿದೆಯೋ ಗೊತ್ತಿಲ್ಲ ಅಂದರು. ಜಹೀದಾ ಕದಲಲಿಲ್ಲ. ಕೊನೆಗೆ ಹಿಂದಿನ ಕೋಣೆ ತೆರೆದರು. ಪೇರಿಸಿಟ್ಟ ಡಬ್ಬಿಗಳ ರಾಶಿಯಲ್ಲಿ ತಮ್ಮದನ್ನು ವೀರಭದ್ರಮ್ಮನೇ ಗುರುತಿಸಿದರು. ಆಯುಧಪೂಜೆಗೆ ಹಚ್ಚಿದ್ದ ಕುಂಕುಮ ಇನ್ನೂ ಇತ್ತು. ಅಲ್ಲೇ ಕೂತು ಅದನ್ನು ತಬ್ಬಿಕೊಂಡರಂತೆ.

ಅದಕ್ಕೆ ಜಹೀದಾ ಮಾಡಿದ್ದು ಇಷ್ಟು: ಎಸ್‌ಎಸ್‌ಡಿ ಒಂದು, ನಾಲ್ಕು ಜಿಬಿಯ ಡಿಡಿಆರ್-3 ರ‍್ಯಾಮ್ ಪಟ್ಟಿ ಇನ್ನೊಂದು, ಪವರ್ ಸಪ್ಲೈ, ಪೇಸ್ಟು, ಬೋರ್ಡಿನೊಳಗಿನ ಗಡಿಯಾರದ ಬ್ಯಾಟರಿ. ಕೂಲಿ ಸೇರಿ ನಾಲ್ಕು ಸಾವಿರದ ಒಂಬೈನೂರು. ಹಾರ್ಡ್‌ಡಿಸ್ಕನ್ನು ಎಸೆಯದೆ, ಕಡತಗಳ ಇನ್ನೊಂದು ಪ್ರತಿ ಇಡಲು ಒಳಗೇ ಉಳಿಸಿದರು. ಹನ್ನೆರಡು ವರ್ಷದ್ದೂ ಹಾಗೇ ಸಿಕ್ಕಿತು. ‘ನುಡಿ’ಗಾಗಿ ಹಳೆ ವಿಂಡೋಸನ್ನೇ ಇಟ್ಟರು, ಆದರೆ ಅದರ ಅಪಾಯ ಮುಚ್ಚಿಡಲಿಲ್ಲ: “ಇದಕ್ಕ ಇನ್ಮ್ಯಾಲ ಕಂಪ್ನಿಯವ್ರ ಕಾವಲಿಲ್ಲ ಅಮ್ಮ. ಟೈಪಿಂಗ್ ಮಾಡ್ರಿ, ಪ್ರಿಂಟ್ ಹಾಕ್ರಿ. ಬ್ಯಾಂಕಿನ ಕೆಲ್ಸ ಇದರಾಗ ಮಾಡಬ್ಯಾಡ್ರಿ.”

ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತದೆ ಎಂದು ಬರೆಯಲು ನನಗೂ ಆಸೆ. ಉಳಿದ ನಾಲ್ಕು ಡಬ್ಬಿಗಳು ಎಲ್ಲಿ ಹೋದವೋ ಇವತ್ತಿಗೂ ಗೊತ್ತಿಲ್ಲ. ಅನಿತಾ ಕೊಟ್ಟ ದೂರಿಗೆ ಉತ್ತರ ಬಂದಿದೆ: ಗುಜರಿಯೆಂದು ಸಹಿ ಹಾಕಿ ಮಾರಿದ ಮೇಲೆ ಅದು ಕಳವಲ್ಲ. ಸುಳ್ಳು ಪತ್ರಕ್ಕೆ ಮೊಹರು ಹಾಕಿದವರನ್ನು ಯಾರೂ ಕೇಳಿಲ್ಲ. ಅಂಗಡಿಗೆ ಈಗ ಹೊಸ ನಾಮಫಲಕ, ಮೊದಲಿನದಕ್ಕಿಂತ ದೊಡ್ಡದು. ಶಿಕ್ಷೆಯಾದದ್ದು ಜಹೀದಾಗೆ. ಆ ಬೀದಿಯ ಅಂಗಡಿಗಳು ಅವರಿಗೆ ಒಂದು ತಿರುಪನ್ನೂ ಮಾರುವುದಿಲ್ಲ. ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಸಾಮಾನು ತರಿಸಿಕೊಳ್ಳುತ್ತಾರೆ. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯುತ್ತದೆ. ಕಾಯಲಾರದ ಗಿರಾಕಿಗಳು ಅದೇ ಬೀದಿಗೆ ಹೋಗುತ್ತಾರೆ.

“ಸಿಟ್ಟು ಹೋಗೈತಾ?” ಕೇಳಿದೆ.

“ಯಾಕ ಹೋಗ್ಬೇಕು? ಅವ್ರು ಬಿಟ್ಟಾರೇನು?”

ಹಾಗಾದರೆ ಏನಾಗಬೇಕು ಅಂದರೆ ಅವರು ಕೇಳುವುದು ಅಂಗಡಿಯನ್ನಲ್ಲ, ಸನ್ಮಾನವನ್ನೂ ಅಲ್ಲ. “ಸಾಲಿ ಮಕ್ಳಿಗೆ ಒಂದ್ ತಾಸು ಡಬ್ಬಿ ಬಿಚ್ಚಿ ತೋರ್ಸಾಕ ಬಿಡ್ರಿ. ಒಳಗ ಏನೈತಿ ಕಂಡೋರಿಗೆ ಸುಳ್ಳು ಹೇಳೋದು ಸಲೀಸಲ್ಲ.” ಸಮಿತಿ ಎರಡು ಸಲ ಬೇಡವೆಂದಿತು. ಮೂರನೆಯ ಸಲ ಅನಿತಾ ಯಾರನ್ನೂ ಕೇಳಲಿಲ್ಲ.

ಕಳೆದ ಶನಿವಾರ ಕುರುಗೋಡಿನ ಆ ಕೋಣೆಯಲ್ಲಿ ನಾನೂ ಇದ್ದೆ. ಏಳು ಡಬ್ಬಿಗಳು, ಸುತ್ತ ಮೂವತ್ತು ಮಕ್ಕಳು. ಮೊದಲ ಸಾಲಿನಲ್ಲಿ ನಿಂತ ಒಂಬತ್ತನೇ ತರಗತಿಯ ಪೂಜಿತಾಳ ಕೈಗೆ ಜಹೀದಾ ಸ್ಕ್ರೂಡ್ರೈವರ್ ಕೊಟ್ಟರು. ಅವಳು ಡಬ್ಬಿ ನೋಡಿದಳು, ಟೀಚರ್ ಮುಖ ನೋಡಿದಳು, ಕೈ ಹಿಂದಕ್ಕೆ ಎಳೆದುಕೊಂಡಳು.

“ಅಕ್ಕಾ, ಕೆಟ್ಟುಹೋದ್ರ?”

“ಕೆಟ್ರ ನಾ ಅದೀನಿ,” ಅಂದರು ಜಹೀದಾ. “ಬಿಚ್ಚು.”