ಕೇಳಬಾರದಿದ್ದ ಪ್ರಶ್ನೆ

ನಮ್ಮ ಸೀನಿಯರ್ ವಕೀಲರ ಕರಿ ಕೋಟಿನ ಬಲ ಮೊಣಕೈ ಮಾತ್ರ ಸವೆದು ಬಿಳುಪೇರಿತ್ತು. ಕಟಕಟೆಯ ಮೇಲೆ ಆ ಮೊಣಕೈ ಊರಿ, ಬೀಗರನ್ನು ವಿಚಾರಿಸುವ ಹಾಗೆ ಸಾಕ್ಷಿಗೆ ಪಾಟೀಸವಾಲು ಹಾಕುವುದು ಅವರ ರೂಢಿ. "ಆರಾಮದೀರಿಲ್ರಿ? ನೀರು ಕುಡೀತೀರೇನು?" ಎಂದೇ ಶುರು. ಅರ್ಧ ಗಂಟೆಯಲ್ಲಿ ಸಾಕ್ಷಿಗೆ ತನ್ನ ಕಣ್ಣಿನ ಮೇಲೆಯೇ ಅನುಮಾನ ಬರುತ್ತಿತ್ತು.

ರಾಮದುರ್ಗ, ಸವದತ್ತಿ ಕಡೆ ಸಿಕ್ಕಿಬಿದ್ದ ದೊಡ್ಡವರೆಲ್ಲ ಬೈಲಹೊಂಗಲದ ಅವರ ಆಫೀಸಿಗೇ ಬರುತ್ತಿದ್ದರು. ಕಾರ್ಖಾನೆಯ ಧಣಿ, ಮಾಜಿ ಮಂತ್ರಿಯ ಅಳಿಯ, ಇಂಥವರೇ. ಅವರು ಬಾಯಿ ಬಿಡುವ ಮೊದಲೇ ಸೀನಿಯರ್ ಕೈ ಅಡ್ಡ ಹಿಡಿಯುತ್ತಿದ್ದರು. "ಖರೇ ಏನಂತ ನನಗ ಹೇಳಬ್ಯಾಡ್ರಿ. ಊಟ ಸೇರೂದಿಲ್ಲ." ಎಲ್ಲರೂ ಬಿಡುಗಡೆಯಾದರು. ಅವರ ಜೂನಿಯರ್ ಆಗಿದ್ದ ನನಗೆ ದಿನಾ ಒಂದೇ ಪಾಠ: "ತಂಗೀ, ಉತ್ತರ ಗೊತ್ತಿಲ್ಲದ ಪ್ರಶ್ನಿ ಸಾಕ್ಷಿಗೆ ಕೇಳಬ್ಯಾಡ."

ಮುನವಳ್ಳಿ ಕಡೆಯ ಟೆಂಪೋ ಡ್ರೈವರ್ ಒಬ್ಬನ ಮೇಲೆ ಮಾಲೀಕನನ್ನು ಕೊಂದ ಆರೋಪ ಬಂತು. ತಡೆದರೂ ಕೇಳದೆ ಅವನು, "ನಾ ಮಾಡಿಲ್ರಿ ಸಾಹೇಬ್ರ, ನನ್ನ ಮಗಳ ಆಣಿ" ಎಂದು ಅತ್ತುಬಿಟ್ಟ. ಸೀನಿಯರ್ ನಂಬಿದರು. ಇಷ್ಟು ವರ್ಷಕ್ಕೆ ಒಬ್ಬ ಕಕ್ಷಿದಾರನನ್ನು ನಂಬಿದ ಖುಷಿಗೆ ಹೊಸ ವಕೀಲರಂತೆ ಓಡಾಡತೊಡಗಿದರು. ನನಗೆ ನಗು ಬರುತ್ತಿತ್ತು.

ಕಣ್ಣಾರೆ ಕಂಡ ಸಾಕ್ಷಿ ಒಬ್ಬಳೇ ಮುದುಕಿ, ಕಾಲುವೆ ದಂಡೆಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವಳು. ಹೊತ್ತು ಮುಳುಗಿತ್ತು, ಮುಖ ಕಾಣಲಿಲ್ಲ ಎಂದು ಅವಳ ಬಾಯಿಂದಲೇ ಬಂತು. ಅಲ್ಲಿಗೆ ನಾವು ಗೆದ್ದಿದ್ದೆವು. ನಾನು ಅವರ ಕೋಟು ಜಗ್ಗಿದೆ. ಆದರೆ ಅವರಿಗೆ ಅಷ್ಟು ಸಾಲದು, ಅವನು ನಿರಪರಾಧಿ ಎಂದು ಎಲ್ಲರಿಗೂ ಗೊತ್ತಾಗಬೇಕಿತ್ತು.

"ಮುಖಾನ ಕಾಣಲಿಲ್ಲಂದ್ರ ಇಂವನ ಅಂತ ಹೆಂಗ ಹೇಳ್ತೀರಿ ಅವ್ವಾರ?"

"ಎಡಗಾಲ ಎಳಕೊಂತ ಓಡಿದ್ನರಿ. ನಮ್ಮೂರಾಗ ಹಂಗ ನಡ್ಯಾಂವ ಇವನೊಬ್ಬನ."

ಕೋರ್ಟಿನಲ್ಲಿದ್ದವರೆಲ್ಲ ಅವನ ಕಾಲು ನೋಡಿದರು.

ಜೀವಾವಧಿ ಶಿಕ್ಷೆಯಾಯಿತು. ಹೈಕೋರ್ಟಿನಲ್ಲಿ ಅಪೀಲೂ ನಿಲ್ಲಲಿಲ್ಲ. ಸೀನಿಯರ್ ಕೇಸು ಹಿಡಿಯುವುದನ್ನೇ ಬಿಟ್ಟರು. ತಿಂಗಳಿಗೊಮ್ಮೆ ಬೆಳಗಾವಿಯ ಜೈಲಿಗೆ ಹೋಗಿ ಅವನನ್ನು ಕಂಡು ಬರುವುದೊಂದೇ ಕೆಲಸ. ನಾನು ಇಂದು ಉಣ್ಣುವ ಅನ್ನ ಅವರು ಕಲಿಸಿದ ವಿದ್ಯೆಯದು. ಆದರೂ ಅವರನ್ನು ಹಾಗೆ ನೋಡಲಾಗದೆ ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಆ ನಾಚಿಕೆ ಇನ್ನೂ ಇದೆ. ಹೋದ ವರ್ಷ ತೀರಿಕೊಂಡರು.

ಸುದ್ದಿ ಹೇಳಲು ನಾನೇ ಜೈಲಿಗೆ ಹೋದೆ. ಅವನು ಎರಡೂ ಕೈಯಿಂದ ಜಾಲರಿ ಹಿಡಿದುಕೊಂಡ. ಆಮೇಲೆ ಅಂದ: "ನಾ ಮಾಡಿಲ್ಲಂತ ನಂಬಾವ್ರು ನೀವಿಬ್ರ ಇದ್ರಿ ಅಕ್ಕಾರ. ಇನ್ನ ನೀವೊಬ್ರ ಉಳದ್ರಿ."

ಹೌದು ಅಂದೆ. ಆ ಮುದುಕಿಯ ಮಾತು ಕೇಳಿದ ದಿನದಿಂದ ನಾನು ಅವನನ್ನು ನಂಬಿಲ್ಲ.