ನಿಲ್ಲಿಸದ ಗಡಿಯಾರ

ಬೆಳಕು ಹರಿಯುವ ಮೊದಲು ಗ್ಲೆನಿಸ್ ಒಲೆಯ ಬೂದಿ ತೆಗೆದು ಕಟ್ಟಿಗೆ ತುಂಬಬೇಕು. ಗಂಡ ರಸ್ ಹಾಲು ಕರೆಯಲು ಹೊರಡುವ ಮುಂಚೆ ಅವನಿಗೆ ಚಹಾ ಮಾಡಿಕೊಟ್ಟು, ಒದ್ದೆ ಕಾಲುಚೀಲ ಒಲೆಯ ಮುಂದೆ ಹರವಬೇಕು. ಮೂವತ್ತೆಂಟು ಕರುಗಳಿಗೆ ಬಿಸಿನೀರಿನಲ್ಲಿ ಹಾಲಿನ ಪುಡಿ ಕದಡಿ, ರಬ್ಬರ್ ಮೊಲೆಗಳ ತೊಟ್ಟಿಗೆ ಸುರಿಯಬೇಕು. ನಿನ್ನೆ ಹುಟ್ಟಿದ ಕರುವಿಗೆ ಕುಡಿಯಲು ಬಾರದಿದ್ದರೆ ಅದರ ಬಾಯಿಗೆ ಬೆರಳಿಟ್ಟು ಚೀಪುವುದನ್ನು ಕಲಿಸಬೇಕು. ಆಮೇಲೆ ನಾರಿಂಗಾ ಫುಟ್‌ಬಾಲ್ ಕ್ಲಬ್ಬಿನ ಎರಡನೇ ತಂಡ ಶನಿವಾರ ಕೆಸರು ಮಾಡಿಕೊಂಡ ಇಪ್ಪತ್ತೆರಡು ಜೆರ್ಸಿಗಳ ಕಾಲರು ತಿಕ್ಕಿ ನೆನೆಹಾಕಬೇಕು. ಕ್ಯಾಂಟೀನಿನ ಒರೆಸುವ ಬಟ್ಟೆಗಳನ್ನು ಮಡಿಸಬೇಕು. ಇದರಲ್ಲಿ ಯಾವುದಕ್ಕೂ ಕೆಲಸ ಎನ್ನುವ ಹೆಸರಿರಲಿಲ್ಲ. ಆ ಮನೆಯಲ್ಲಿ ಕೆಲಸ ಮಾಡುವವನು ರಸ್.

ಈ ಸೋಮವಾರ ಇನ್ನೊಂದು ಸೇರಿತ್ತು. ಶನಿವಾರದ ಪಂದ್ಯದಲ್ಲಿ ಗಡಿಯಾರ ಹಿಡಿದವಳು ಅವಳು; ಆ ಟೈಮ್‌ಕೀಪರ್ ಕಾರ್ಡನ್ನು ಒಂಬತ್ತು ಗಂಟೆಯೊಳಗೆ ಲೀಗಿನ ಕಾರ್ಯದರ್ಶಿಯ ಮನೆಗೆ ಮುಟ್ಟಿಸಬೇಕಿತ್ತು. ಕಾರ್ಡು ಎರಡು ದಿನದಿಂದ ಬ್ರೆಡ್ಡಿನ ಡಬ್ಬಿಯ ಹಿಂದೆ ಇತ್ತು. ಅವಳು ಎರಡು ದಿನದಿಂದ ಬ್ರೆಡ್ಡು ತಿಂದಿರಲಿಲ್ಲ.

ಅದು ಶುರುವಾದದ್ದು ಗುರುವಾರ ಸಂಜೆ, ಕ್ಲಬ್ಬಿನ ಊಟದ ಹೊತ್ತಿನಲ್ಲಿ. ನಾರಿಂಗಾ ಆಗಲೇ ಗ್ರ್ಯಾಂಡ್ ಫೈನಲ್ ತಲುಪಿತ್ತು. ಎದುರಾಳಿ ಯಾರು ಎಂಬುದು ಶನಿವಾರ ಪೋರ್ಟ್ ಹೇಲ್ ಮತ್ತು ಕೊಲ್ಲಾನ್ ನಡುವೆ ತೀರ್ಮಾನವಾಗಬೇಕಿತ್ತು. ಗ್ಲೆನಿಸ್ ಕೌಂಟರಿನ ಹಿಂದೆ ನಿಂತು ಕುಂಬಳಕಾಯಿ ಸೂಪು ಬಡಿಸುತ್ತಿದ್ದಳು.

"ಪೋರ್ಟ್ ಹೇಲ್ ಬರ್ಲಿ. ಮೂರನೇ ಕ್ವಾರ್ಟರ್‌ಗೆ ಅವರೆಲ್ಲ ಏದುಸಿರು ಬಿಡ್ತಾರೆ" ಎಂದ ಒಬ್ಬ.

"ಅವರ ಮೇಲೆ ಗೆದ್ದು ಏನ್ ಬಂತೋ? ಮೀನು ಹಿಡಿಯೋರನ್ನ ಓಡಿಸಿ ಸೋಲಿಸಿದ್ವಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?"

"ಕಪ್ಪು ಕೈಲಿದ್ರೆ ನಾಚಿಕೆ ಯಾಕೋ ಆಗುತ್ತೆ?"

ರಸ್ ಬಟ್ಟಲು ಕೆಳಗಿಟ್ಟ. "ಕೊಲ್ಲಾನೇ ಬರಬೇಕು ಕಣ್ರೋ. ನನ್ನ ತಮ್ಮನ ಟೀಮನ್ನ ಹೊಡೀದೆ ಗೆದ್ರೆ ಅದು ಗೆಲುವಲ್ಲ. ಹೋದ ಸಲದ ಹಾಗೇ ಫೈನಲ್ ಹಿಂದಿನ ಶುಕ್ರವಾರ ರಾತ್ರಿ ಕೆಲ್ವಿನ್ ಮನೆಯೋರೆಲ್ಲ ನಮ್ಮನೇಲೇ ಉಣ್ಲಿ, ನಮ್ಮನೇಲೇ ಮಲಗ್ಲಿ. ಬೆಳಗ್ಗೆ ಎದ್ದು ಬಡಿದಾಡೋಣ."

ಎಲ್ಲರೂ ಮೇಜು ಕುಟ್ಟಿದರು. ಒಬ್ಬ ಕೌಂಟರಿನ ಕಡೆ ತಿರುಗಿದ. "ನೀನು ಹೇಳು ಗ್ಲೆನ್, ನಿನಗೆ ಯಾರು ಬೇಕು?"

"ತಟ್ಟೆ ತೊಳೆಯೋರು ಬೇಕು."

ಅವರು ನಕ್ಕರು. ತಟ್ಟೆಗಳನ್ನು ಕೌಂಟರಿನ ಮೇಲೆ ಪೇರಿಸಿಟ್ಟು ಹೋದರು.

ಹೋದ ಸಲ ಎಂದರೆ ಆರು ವರ್ಷದ ಹಿಂದೆ. ಬಂದವರು ಹನ್ನೊಂದು ಜನ, ಕುರಿಯ ಎರಡು ಇಡೀ ತೊಡೆ, ನೆಲದ ತುಂಬ ಹಾಸಿಗೆ. ಬೆಳಿಗ್ಗೆ ಅವರೆಲ್ಲರಿಗೆ ಮೊಟ್ಟೆ ಬೇಯಿಸಿ, ಹಾಸಿಗೆ ಎತ್ತಿ, ಕರುಗಳಿಗೆ ಹಾಲಿಟ್ಟು ಗ್ಲೆನಿಸ್ ಮೈದಾನ ಮುಟ್ಟುವ ಹೊತ್ತಿಗೆ ಪಂದ್ಯ ಮುಗಿಯಲು ಐದು ನಿಮಿಷ ಉಳಿದಿತ್ತು. ಗ್ರ್ಯಾಂಡ್ ಫೈನಲ್ಲಿಗೆ ಟೈಮ್‌ಕೀಪರ್‌ಗಳನ್ನು ಬೇರೆ ಕ್ಲಬ್ಬು ಕಳಿಸುತ್ತದೆ. ಕೊಲ್ಲಾನ್ ಬರದಿದ್ದರೆ ಈ ಸಲ ಅವಳು ಮಡಚುವ ಕುರ್ಚಿ ತೆಗೆದುಕೊಂಡು ಹೋಗಿ, ಮೊದಲ ಸೈರನ್‌ನಿಂದ ಕೊನೆಯ ಸೈರನ್ ತನಕ ಸುಮ್ಮನೆ ಕೂತು ನೋಡಬಹುದಿತ್ತು. ಅವಳ ಆಸೆ ಅಷ್ಟೇ ಇತ್ತು.

ಶನಿವಾರದ ಗಡಿಯಾರ ನಾರಿಂಗಾದವರ ಕೈಯಲ್ಲಿತ್ತು. ಮೈದಾನದ ಅಂಚಿನ ಹಲಗೆಯ ಪುಟ್ಟ ಗೂಡಿನಲ್ಲಿ ಗ್ಲೆನಿಸ್ ಮತ್ತು ಮುದುಕ ಮರ್ವ್ ಕೂತಿದ್ದರು. ಇಬ್ಬರೂ ಗಡಿಯಾರ ಹಿಡಿಯಬೇಕೆಂಬುದು ನಿಯಮ. ಆದರೆ ಮರ್ವ್‌ಗೆ ಎರಡು ವರ್ಷದಿಂದ ಮೈದಾನದ ಆಚೆ ತುದಿ ಕಾಣುತ್ತಿರಲಿಲ್ಲ. ಅವಳು ಹೇಳಿದ್ದನ್ನು ಅವನು ಬರೆಯುತ್ತಿದ್ದ. ಅದು ಅವರಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಯ ಕ್ವಾರ್ಟರಿನ ಕೊನೆಯ ನಿಮಿಷ. ಕೊಲ್ಲಾನ್ ಮೂರು ಪಾಯಿಂಟು ಹಿಂದಿತ್ತು. ಒಂದು ಗೋಲು ಬಿದ್ದರೆ ಆರು. ಯಾರೋ ಒದ್ದ ಚೆಂಡು ಬೇಲಿ ದಾಟಿ ಸೈಪ್ರೆಸ್ ಮರಗಳ ಆಚೆ ಹೋಯಿತು. ಅಂಪೈರ್ ಕೈ ಎತ್ತಿದ. ಕೈ ಎತ್ತಿದರೆ ಗಡಿಯಾರ ನಿಲ್ಲಬೇಕು. ಇಳಿಸಿದರೆ ಮತ್ತೆ ಓಡಬೇಕು.

ಅವಳು ಆ ಕೈ ನೋಡಿದಳು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಆ ಕ್ಷಣ ಅವಳ ಕಣ್ಣ ಮುಂದೆ ಬಂದದ್ದು ಹೋದ ಸಲದ, ಕೊಬ್ಬು ಹೆಪ್ಪುಗಟ್ಟಿದ ಓವನ್ ತಟ್ಟೆಗಳು. ಹೆಬ್ಬೆರಳು ಒತ್ತಲಿಲ್ಲ.

ಚೆಂಡು ಮರಳಿ ಬಂತು. ಕೊಲ್ಲಾನಿನ ಹುಡುಗನೊಬ್ಬ ಅದನ್ನು ಕಸಿದುಕೊಂಡು ಓಡಿದ, ಕಾಲು ಬೀಸಿದ. ಕಾಲಿಗೆ ಚೆಂಡು ತಾಗುವ ಮೊದಲು ಗಡಿಯಾರದ ಹೊತ್ತು ಮುಗಿದು ಗ್ಲೆನಿಸಳ ಎಡಗೈ ಸೈರನ್ ಒತ್ತಿತ್ತು. ಚೆಂಡು ಎರಡು ಕಂಬಗಳ ನಟ್ಟನಡುವೆ ಹಾದುಹೋಯಿತು. ಅದು ಲೆಕ್ಕಕ್ಕೆ ಬರಲಿಲ್ಲ.

"ಸರಿಯಾಯ್ತೇನಮ್ಮ?" ಎಂದ ಮರ್ವ್.

"ಸರಿಯಾಯ್ತು" ಎಂದಳು. ಅವನು ಸಹಿ ಹಾಕಿದ.

ಅವಳು ಗೂಡಿನಿಂದ ಇಳಿಯುವ ಮೊದಲೇ ಕೆಲ್ವಿನ್‌ನ ಹೆಂಡತಿ ರೇಲೀನ್ ಮೆಟ್ಟಿಲು ಹತ್ತಿ ಬಂದಳು. ಒಂದು ಕೈಯಲ್ಲಿ ಕಾಗದದ ಲೋಟದ ಚಹಾ, ಇನ್ನೊಂದರಲ್ಲಿ ಮಾಂಸದ ಪೈ. ಅತ್ತು ಮೂಗು ಕೆಂಪಾಗಿತ್ತು.

"ಮೂರು ಗಂಟೆಯಿಂದ ಕೂತಿದೀಯ. ಯಾರೂ ಏನೂ ಕೊಟ್ಟಿರಲ್ಲ ಅಂತ ಗೊತ್ತು, ತಗೋ."

"ನೀನು ತಿಂದ್ಯಾ?"

"ನನಗೆ ಇಳಿಯಲ್ಲ ಇವತ್ತು. ಕೆಲ್ವಿನ್ ಟೈಮ್ ಬೇಗ ಮುಗೀತು ಅಂತ ಕೂಗಾಡ್ತಿದ್ದ. ನಾನಂದೆ, ಗಡಿಯಾರ ಗ್ಲೆನ್ ಕೈಲಿತ್ತು, ಬಾಯಿ ಮುಚ್ಕೊಂಡಿರು ಅಂತ. ಸುಮ್ಮನಾದ."

ಗ್ಲೆನಿಸ್ ಪೈ ಕಚ್ಚಿದಳು. ನಾಲಿಗೆ ಸುಟ್ಟಿತು.

"ಬರೋ ವರ್ಷ ನಾವು ಪಕ್ಕದೂರಿನ ಕ್ಲಬ್ಬಿಗೆ ಸೇರ್ತೀವಿ, ಕೇಳಿದ್ಯಲ್ಲ? ಆಟಗಾರರಿಲ್ಲ. ಕೊಲ್ಲಾನ್ ಅನ್ನೋ ಹೆಸರಲ್ಲಿ ಇದೇ ಕೊನೇ ಆಟ ಆಗ್ಹೋಯ್ತು. ಇಪ್ಪತ್ತೆರಡು ವರ್ಷ ಆ ಹಸಿರು ಜೆರ್ಸಿ ಒಗೆದೆ ಕಣೇ. ಇನ್ನೊಂದೇ ಸಲ ಒಗೀಬೇಕು ಅಂತಿತ್ತು." ರೇಲೀನ್ ತೋಳಿನಿಂದ ಮೂಗು ಒರೆಸಿಕೊಂಡು ನಕ್ಕಳು. "ನಿನಗೆ ಒಳ್ಳೇದಾಯ್ತು ಬಿಡು, ನಮ್ಮ ದಂಡಿಗೆ ಬೇಯಿಸೋದು ತಪ್ಪಿತು. ಈ ಸಲ ಮಾಂಸ ನಾನೇ ಬೇಯಿಸ್ಕೊಂಡು ತರೋಣ ಅಂತಿದ್ದೆ. ಹೋದ ಸಲ ನಿನ್ನ ಮುಖ ನೋಡಿದ್ದೆ."

ಹೋದ ಸಲ ತನ್ನ ಮುಖವನ್ನು ಯಾರಾದರೂ ನೋಡಿದ್ದರೆಂದು ಗ್ಲೆನಿಸ್‌ಗೆ ಗೊತ್ತಿರಲಿಲ್ಲ.

ಭಾನುವಾರವೆಲ್ಲ ರಸ್ ಶಿಳ್ಳೆ ಹಾಕಿಕೊಂಡು ಓಡಾಡಿದ. ತಮ್ಮನ ಟೀಮೇ ಬೇಕು ಎಂದವನು ಈಗ, "ಪೋರ್ಟ್ ಹೇಲ್ ಅಂದ್ರೆ ಕಪ್ಪು ಮನೆ ಬಾಗಿಲಿಗೇ ಬಂತು ಅಂತ್ಲೇ ಲೆಕ್ಕ" ಎನ್ನುತ್ತಿದ್ದ. ಅವಳು ಹೂಂಗುಟ್ಟಿದಳು. ಚೆಂಡು ಮರಗಳಾಚೆಯಿಂದ ಬರಲು ಎಷ್ಟು ಹೊತ್ತಾಗಿತ್ತೆಂದು ಬಟ್ಟೆ ಹಿಂಡುವಾಗ, ಆಲೂಗಡ್ಡೆ ಹೆರೆಯುವಾಗ ಮನಸ್ಸಿನಲ್ಲೇ ಎಣಿಸಿದಳು. ಪ್ರತಿ ಸಲವೂ ಹನ್ನೊಂದಕ್ಕೆ ಬಂದು ನಿಲ್ಲುತ್ತಿತ್ತು.

ಈಗ ಸೋಮವಾರ. ಕರುಗಳ ತೊಟ್ಟಿ ಖಾಲಿಯಾಗಿತ್ತು. ಹಾಲಿನ ಯಂತ್ರದ ಸದ್ದು ದೂರದಿಂದ ಕೇಳುತ್ತಿತ್ತು. ರಸ್ ಬರಲು ಇನ್ನೂ ಒಂದು ಗಂಟೆ ಇತ್ತು. ಅವಳು ಕೈ ಒರೆಸಿಕೊಂಡು ಕಾರ್ಡನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಕೆಳಗಡೆ "ವಿಶೇಷ ಸಂಗತಿ" ಎಂಬ ಒಂದು ಗೆರೆ. ಎಂಟು ವರ್ಷದಲ್ಲಿ ಅಲ್ಲಿ ಅವಳು ಏನನ್ನೂ ಬರೆದಿರಲಿಲ್ಲ.

ಖಾಲಿ ಬಿಟ್ಟರೆ ಯಾರೂ ಕೇಳುವುದಿಲ್ಲ. ಅಂಪೈರಿನ ಕೈ ಕಾಣಲಿಲ್ಲ ಎಂದು ಬರೆದರೆ, ಪಾಪ ವಯಸ್ಸಾಯಿತು ಎನ್ನುತ್ತಾರೆ, ಕ್ಷಮಿಸುತ್ತಾರೆ. ನಿಜ ಬರೆದರೆ ಲೀಗಿನವರು ಏನು ಮಾಡುತ್ತಾರೋ ಗೊತ್ತಿಲ್ಲ. ಮತ್ತೆ ಆಡಿಸಬಹುದು, ಮುಗಿದದ್ದು ಮುಗಿಯಿತು ಎನ್ನಲೂಬಹುದು. ಎರಡರಲ್ಲಿ ಯಾವುದೇ ಆದರೂ ಕ್ಲಬ್ಬಿನಲ್ಲಿ ಅವಳ ಜೊತೆ ಯಾರೂ ಮಾತಾಡುವುದಿಲ್ಲ. ಮರ್ವ್‌ನ ಕಣ್ಣಿನ ವಿಷಯವೂ ಹೊರಗೆ ಬರುತ್ತದೆ. ಇನ್ನು ರಸ್. ಅವನೆಂದೂ ಕೈ ಎತ್ತಿದವನಲ್ಲ. ತಿಂಗಳುಗಟ್ಟಲೆ ಮಾತು ಬಿಡುವವನು.

ಒಂದು ಮಾತು ಮಾತ್ರ ಅವಳಿಗೆ ಸ್ಪಷ್ಟವಾಗಿತ್ತು. ಶುಕ್ರವಾರ ರಾತ್ರಿ ಹನ್ನೊಂದು ಜನಕ್ಕೆ ನಾನು ಬೇಯಿಸುವುದಿಲ್ಲ ಎಂದು ಅವಳು ರಸ್‌ಗೆ ಇದೇ ಮೇಜಿನ ಮುಂದೆ ಹೇಳಬೇಕಿತ್ತು. ಹೇಳುವ ಧೈರ್ಯ ಬರಲಿಲ್ಲ. ಬಾಯಿಂದ ಬರಬೇಕಾದ ಮಾತು ಹೆಬ್ಬೆರಳಿಗೆ ಇಳಿಯಿತು. ಅದರ ಪೆಟ್ಟು ಬಿದ್ದದ್ದು ರಸ್ ಮೇಲಲ್ಲ, ಇನ್ನೊಂದೇ ಸಲ ಜೆರ್ಸಿ ಒಗೆಯಬೇಕೆಂದಿದ್ದ ರೇಲೀನ್ ಮೇಲೆ.

ಪೆನ್ನು ಮೊದಲು ಬರೆಯಲಿಲ್ಲ. ಪತ್ರಿಕೆಯ ಅಂಚಿನಲ್ಲಿ ಗೀಚಿ ನೋಡಿಕೊಂಡು ಬರೆದಳು: "ಕೊನೆಯಲ್ಲಿ ಅಂಪೈರ್ ಕೈ ಎತ್ತಿದ್ದನ್ನು ನಾನು ನೋಡಿದೆ. ನೋಡಿಯೂ ಗಡಿಯಾರ ನಿಲ್ಲಿಸಲಿಲ್ಲ. ಹನ್ನೊಂದು ಸೆಕೆಂಡು. ಮರ್ವ್ ನನ್ನ ಮಾತು ನಂಬಿ ಸಹಿ ಹಾಕಿದ." ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು.

ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಜೆರ್ಸಿಗಳು ಕಂದು ನೀರಿನಲ್ಲಿ ಮುಳುಗಿದ್ದವು. ಅವುಗಳನ್ನು ಹಾಗೇ ಬಿಟ್ಟು, ಬೂಟು ಕೂಡ ಬದಲಾಯಿಸದೆ ಗಾಡಿ ಹತ್ತಿದಳು. ಕಾರ್ಯದರ್ಶಿಯ ಮನೆಯ ದೀಪ ಇನ್ನೂ ಹತ್ತಿರಲಿಲ್ಲ. ಗೇಟಿನ ಅಂಚೆ ಪೆಟ್ಟಿಗೆಯ ಬಾಯಿ ಕಿರಿದಾಗಿತ್ತು. ಕಾರ್ಡಿನ ಅರ್ಧ ಒಳಗೆ ಹೋಗಿ ನಿಂತಿತು. ಇನ್ನರ್ಧ ಅವಳ ಹೆಬ್ಬೆರಳಿನ ಕೆಳಗಿತ್ತು. ಅವಳು ಒತ್ತಿದಳು.